ಬರೆಯದೆ ಬಿಟ್ಟ ಬೆಲ್ಲ

ನನಗೆ ಹೊಟ್ಟೆಕಿಚ್ಚು ಜಾಸ್ತಿ ಎಂದು ನನ್ನ ಅತ್ತಿಗೆ ಮೈಸೂರಿನಲ್ಲಿ ಹಿಂದೆಯೇ ಹೇಳಿದ್ದರು. ಆಗ ಒಪ್ಪಿರಲಿಲ್ಲ, ಜಗಳವನ್ನೇ ಆಡಿದ್ದೆ. ಐವತ್ತೆಂಟನೆಯ ವಯಸ್ಸಿನಲ್ಲಿ, ಸೀವುಡ್ಸ್‌ನ ಏಳನೆಯ ಮಹಡಿಯ ಅಡುಗೆಮನೆಯಲ್ಲಿ ನಿಂತು, ಗಂಡ ವಾಪಸು ತಂದ ಸ್ಟೀಲಿನ ಡಬ್ಬಿಯ ತಳವನ್ನು ಬೆಳಕಿಗೆ ಹಿಡಿದು ನೋಡಿದ ದಿನ ಒಪ್ಪಿಕೊಂಡೆ. ಆ ಡಬ್ಬಿಯಲ್ಲಿ ಒಂದು ಎಸಳು ಕರಿಬೇವು ಕೂಡ ಉಳಿದಿರಲಿಲ್ಲ.

ನನ್ನ ಗಂಡ ರಾಮಚಂದ್ರ ಮದುವೆಯಾದ ದಿನದಿಂದ, ಅಂದರೆ ಮೂವತ್ತನಾಲ್ಕು ವರ್ಷಗಳಿಂದ, ಕರಿಬೇವನ್ನು ಹೆಕ್ಕಿ ತಟ್ಟೆಯ ಅಂಚಿಗಿಡುವ ಮನುಷ್ಯ. ತಿನ್ನಿ, ಒಳ್ಳೆಯದು ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ಠಾಣೆಯ ಇನ್ಶೂರೆನ್ಸ್ ಆಫೀಸಿಗೆ ಡಬ್ಬಿ ಒಯ್ಯುತ್ತಿದ್ದ ಕಾಲದಲ್ಲೂ ಸಂಜೆ ಮುಚ್ಚಳ ತೆಗೆದರೆ ಒಣಗಿದ ಕರಿಬೇವು, ತಳದಲ್ಲೊಂದಿಷ್ಟು ಚಟ್ನಿ ಇದ್ದೇ ಇರುತ್ತಿತ್ತು. ಈಗ ಬೆಳಿಗ್ಗೆ ಲೋಲಾಕ್ಷಿಯ ಪಕ್ಕ ಕೂತು ತಿಂದರೆ ಕರಿಬೇವೂ ಇಲ್ಲ, ಚಟ್ನಿಯೂ ಇಲ್ಲ. ಬೆರಳಲ್ಲಿ ಒರೆಸಿ ನೆಕ್ಕಿದ ಹಾಗೆ ಡಬ್ಬಿ ಹೊಳೆಯುತ್ತಿರುತ್ತದೆ. ನನ್ನ ಕೈಲಾಗದ್ದನ್ನು ಆ ಹೆಂಗಸು ಎರಡೇ ವಾರದಲ್ಲಿ ಕಲಿಸಿಬಿಟ್ಟಳಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು.

ಲೋಲಾಕ್ಷಿ ಯಾರು ಎಂದು ಹೇಳಬೇಕಾದರೆ ಮೊದಲು ಪೊಟ್ಟಣಗಳ ವಿಷಯ ಹೇಳಬೇಕು.

ನವೆಂಬರಿನಲ್ಲಿ ವಾಶಿಯ ಒಂದು ಸಂಶೋಧನಾ ಸಂಸ್ಥೆಯಿಂದ ಅಪೇಕ್ಷಾ ಎಂಬ ಹುಡುಗಿ ನಮ್ಮ ಸೊಸೈಟಿಯ ಹಾಲಿಗೆ ಬಂದಿದ್ದಳು. ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದವಳು, ತಾಯಿ ಧಾರವಾಡದವರು. ಕನ್ನಡ ಪೂರ್ತಿ ತಿಳಿಯುತ್ತದೆ, ನಾಲಿಗೆ ಮಾತ್ರ ನಡುನಡುವೆ ಹಿಂದಿಗೆ ಜಾರುತ್ತದೆ. ಐವತ್ತು ದಾಟಿದ, ಸಕ್ಕರೆ ಕಾಯಿಲೆ ಇರುವ, ಇನ್ನೂ ಇನ್ಸುಲಿನ್ ಶುರುವಾಗದವರು ಅವಳಿಗೆ ಬೇಕಾಗಿದ್ದರು. ನನ್ನ ಗಂಡ ನಿವೃತ್ತರಾಗಿ ಎರಡು ವರ್ಷದಿಂದ ಸೋಫಾದ ಒಂದು ಮೂಲೆಯನ್ನು ತಗ್ಗು ಮಾಡುತ್ತ ಕೂತಿದ್ದರು. ನಾನೇ ಅವರನ್ನು ಎಬ್ಬಿಸಿ ಕರೆದುಕೊಂಡು ಹೋದೆ. ಈ ಮಾತು ನೆನಪಾದಾಗಲೆಲ್ಲ ಹಣೆ ಚಚ್ಚಿಕೊಳ್ಳಬೇಕೆನಿಸುತ್ತಿತ್ತು.

"ಅಂಕಲ್, ನಡೆಯುವಾಗ ಮಸಲ್ ಸುಮ್ನ ಇರೋದಿಲ್ಲ," ಎಂದಳು ಅಪೇಕ್ಷಾ. "ಅದರ ಸೆಲ್‌ಗಳು ಛೋಟೆ ಛೋಟೆ ಪ್ಯಾಕೆಟ್ ಮಾಡಿ ರಕ್ತದಾಗ ಬಿಡ್ತಾವ. ಕೂದಲಿನ ದಪ್ಪದ ಸಾವಿರದಾಗ ಒಂದು ಪಾಲು ಇರ್ತಾವ, ಅಷ್ಟು ಸಣ್ಣ. ಒಳಗ ಸಂದೇಶ ಇರ್ತದ. ಲಿವರ್ ಅದನ್ನ ತಗೊಂಡು ಓದ್ತದ, ಶುಗರ್ ಹೆಂಗ ಸಂಭಾಳಿಸಬೇಕು ಅಂತ ತಿಳಕೋತದ."

"ಕೊಬ್ಬು?" ಎಂದು ಕೇಳಿದೆ, ನಮ್ಮವರ ಹೊಟ್ಟೆ ನೋಡುತ್ತ.

"ಅದೂ ಪ್ಯಾಕೆಟ್ ಕಳಸ್ತದ ಆಂಟಿ, ಆದ್ರ ಉಲ್ಟಾ ಹೇಳ್ತದ. ತಿನ್ನೋದು ಬದಲಾದ್ರ ಪ್ಯಾಕೆಟ್ಟೂ ಬದಲಾಗ್ತಾವ. ಯಾರ ಮಾತು ಗೆಲ್ತದ ಅಂತ ನೋಡೋದೇ ನಮ್ಮ ಕೆಲಸ. ಇನ್ನೂ ಭಾಳ ಗೊತ್ತಿಲ್ಲ, ಅದಕ್ಕೇ ನೀವು ಬೇಕು."

ಮೂವತ್ತನಾಲ್ಕು ವರ್ಷದಲ್ಲಿ ನನಗೆ ಎರಡು ಸಾಲಿನ ಕಾಗದ ಬರೆಯದವರ ತೊಡೆ ಈಗ ಯಕೃತ್ತಿಗೆ ಸಂದೇಶ ಕಟ್ಟಿ ಕಳಿಸುತ್ತದಂತೆ ಎಂದು ನಗು ಬಂತು. ಆ ಹೊತ್ತಿಗೆ ನಗು ಮಾತ್ರ ಬಂದಿತ್ತು.

ನಿಯಮಗಳು ಹೀಗಿದ್ದವು. ಹನ್ನೆರಡು ವಾರ, ಭಾನುವಾರ ಬಿಟ್ಟು ದಿನವೂ ಬೆಳಿಗ್ಗೆ ನೆರೂಳಿನ ಕೆರೆಯ ಸುತ್ತಲಿನ ಟ್ರ್ಯಾಕಿನಲ್ಲಿ ಮುಕ್ಕಾಲು ಗಂಟೆ ಬಿರುಸು ನಡಿಗೆ. ನಡುವೆ ಯಾರಿಗಾದರೂ ತಲೆ ಸುತ್ತಿದರೆ ಹಿಡಿದುಕೊಳ್ಳಲು ಒಬ್ಬರಿರಬೇಕೆಂದು ಇಬ್ಬಿಬ್ಬರ ಜೋಡಿ. ವಯಸ್ಸು, ಸಕ್ಕರೆಯ ಮಟ್ಟ ಎರಡೂ ಹತ್ತಿರ ಹತ್ತಿರ ಇರುವವರದು. ನಡೆದು ಅರ್ಧ ಗಂಟೆಯೊಳಗೆ ಅಲ್ಲೇ ಬೆಂಚಿನಲ್ಲಿ ಕೂತು, ಚಾರ್ಟಿನ ಪ್ರಕಾರ ಮನೆಯಲ್ಲಿ ತೂಕ ಮಾಡಿ ಕಟ್ಟಿದ ತಿಂಡಿ ತಿನ್ನಬೇಕು. ಅಡುಗೆ ಮಾಡುವವರು ಏನೇನು ಹಾಕಿದೆವು ಎಂದು ಒಂದು ಡೈರಿಯಲ್ಲಿ ದಿನವೂ ಬರೆಯಬೇಕು. ಎರಡು ವಾರಕ್ಕೊಮ್ಮೆ ರಕ್ತ ತೆಗೆಯುತ್ತಾರೆ. ನನ್ನ ಗಂಡನಿಗೆ ಜೋಡಿಯಾಗಿ ಬಂದವಳು ಲೋಲಾಕ್ಷಿ.

ಮಂಗಳೂರು ಕಡೆಯವಳು. ಗಂಡ ದೇಜಪ್ಪ ತೀರಿಕೊಂಡು ಆರು ವರ್ಷ. ವಾಶಿಯ ಹೋಲ್‌ಸೇಲ್ ಮಾರ್ಕೆಟಿನ ಹಿಂದೆ ಇಬ್ಬರೂ ಸೇರಿ ಮೆಸ್ ನಡೆಸಿದವರು, ಈಗ ಅದನ್ನು ಮಗ ಯತಿನ್ ನೋಡಿಕೊಳ್ಳುತ್ತಾನೆ. ಇಷ್ಟೆಲ್ಲ ನನಗೆ ಗೊತ್ತಾದದ್ದು ನನ್ನ ಗಂಡನಿಂದ. ಮನೆಯಲ್ಲಿ ಪೇಪರಿನ ಹಿಂದಿನಿಂದ "ಹೂಂ" ಎನ್ನುವುದರಾಚೆಗೆ ಬಾಯಿ ಬಿಡದವರು, ಟ್ರ್ಯಾಕಿನಿಂದ ಬಂದರೆ ಸುದ್ದಿಯ ಮೂಟೆ ಹೊತ್ತು ಬರುತ್ತಿದ್ದರು.

"ಲೋಲಾಕ್ಷಿ ಹೇಳ್ತಿದ್ರು ಕಣೆ, ಹೆಜ್ಜೆ ಇಡುವಾಗ ಮೊದಲು ಹಿಮ್ಮಡಿ ಊರಬೇಕಂತೆ."

"ಸರಿ ಊರಿ," ಎನ್ನುತ್ತಿದ್ದೆ ನಾನು, ಲಟ್ಟಣಿಗೆಯನ್ನು ಸ್ವಲ್ಪ ಜೋರಾಗಿಯೇ ಇಟ್ಟು.

ಒಂದು ಸಂಜೆ ಸ್ಟೇಷನ್ನಿನ ಹತ್ತಿರ ತರಕಾರಿ ಆರಿಸುತ್ತಿದ್ದಾಗ ಅವಳೇ ಎದುರಾದಳು. ಎತ್ತರದ ಆಳು, ನೂಲಿನ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ. ಫೋನಿನಲ್ಲಿ ನನ್ನ ಫೋಟೋ ನೋಡಿದ್ದಳಂತೆ.

"ರುಕ್ಮಿಣಿಯಕ್ಕ ಅಲ್ವಾ? ರಾಮಚಂದ್ರಣ್ಣನ ಮನೆಯವರು? ನಿಮ್ಮ ಕೈಯ ರುಚಿ ಉಂಟಲ್ಲ, ಅದು ಎಲ್ಲರಿಗೆ ಬರುದಿಲ್ಲ ಮಾರಾಯ್ರೆ."

ನನ್ನ ಕೈಯ ರುಚಿ ಇವಳಿಗೆ ಹೇಗೆ ಗೊತ್ತು? ಅವರೇ ಹೇಳಿರಬೇಕು. ನನ್ನೆದುರಿಗೆ ಒಂದು ದಿನವಾದರೂ ಚೆನ್ನಾಗಿದೆ ಎನ್ನದವರು ಇವಳ ಮುಂದೆ ಕೂತು ನನ್ನ ಅಡುಗೆ ಹೊಗಳುತ್ತಾರೆ. ಹೊಗಳಿಕೆ ನನ್ನದು, ಕೇಳುವ ಭಾಗ್ಯ ಅವಳದು. ಬಾಯಲ್ಲಿ "ಹೌದಾ, ಸಂತೋಷ" ಎಂದೆ. ಒಳಗೆ ಆಗಿದ್ದು ಸಂತೋಷವಲ್ಲ. ಅವಳು "ಅಣ್ಣ" ಎಂದು ಕರೆದದ್ದೂ ಸಮಾಧಾನ ಕೊಡಲಿಲ್ಲ. ಅಣ್ಣ ಎಂದು ಕರೆಯುವವರಿಗೆ ಮುಕ್ಕಾಲು ಗಂಟೆ ಮಾತಾಡಲು ಅಷ್ಟೊಂದು ಏನಿರುತ್ತದೆ?

ಈಗ ಬೆಲ್ಲದ ವಿಷಯ. ಡೈರಿಯಲ್ಲಿ "ಸಿಹಿ ಪದಾರ್ಥ" ಎಂಬ ಅಂಕಣವಿತ್ತು. ಮೊದಲ ದಿನ ಗೊಜ್ಜವಲಕ್ಕಿ ಮಾಡಿ, ಆ ಅಂಕಣದಲ್ಲಿ "ಇಲ್ಲ" ಎಂದು ಬರೆದೆ. ನನ್ನಾಣೆಗೂ ಅದು ಸುಳ್ಳು ಎಂದು ನನಗೆ ಹೊಳೆಯಲಿಲ್ಲ. ಹುಣಸೆ ಕಿವುಚಿದ ಮೇಲೆ ಒಂದು ಚೂರು ಬೆಲ್ಲ ಬೀಳದಿದ್ದರೆ ನಮ್ಮ ಕಡೆ ಅದು ಗೊಜ್ಜೇ ಅಲ್ಲ. ಸಾರಿಗೂ ಚೂರು, ಹುಳಿಗೂ ಚೂರು, ಚಟ್ನಿಗೂ ಚೂರು. ಅದನ್ನು ಯಾರೂ ಸಿಹಿ ಎನ್ನುವುದಿಲ್ಲ. ನನ್ನ ಅಮ್ಮನಿಗೆ ಈ ಡೈರಿ ಕೊಟ್ಟಿದ್ದರೆ ಅವಳೂ "ಇಲ್ಲ" ಎಂದೇ ಬರೆಯುತ್ತಿದ್ದಳು.

ಎರಡನೆಯ ವಾರ ನನ್ನ ತಪ್ಪು ನನಗೇ ಗೊತ್ತಾಯಿತು. ತೂಕದ ಯಂತ್ರದ ಮೇಲೆ ಅವಲಕ್ಕಿ ನಲವತ್ತು ಗ್ರಾಂ ಅಳೆಯುತ್ತಿದ್ದಾಗ ಕೈಯಲ್ಲಿದ್ದ ಬೆಲ್ಲ ಕಣ್ಣಿಗೆ ಬಿತ್ತು. ಇದನ್ನೂ ಬರೆಯಬೇಕಲ್ಲವೇ ಎಂದು ಪೆನ್ನು ಹಿಡಿದೆ. ಅದೇ ಹೊತ್ತಿಗೆ ಬಾತ್‌ರೂಮಿನಿಂದ ನಮ್ಮವರು ಹಾಡು ಗುನುಗುವುದು ಕೇಳಿಸಿತು. ಬೆಳಿಗ್ಗೆ ಐದೂವರೆಗೆ, ಹಾಡು. ಪೆನ್ನು ಕೆಳಗಿಟ್ಟೆ. ಚೂರಿನ ಜಾಗದಲ್ಲಿ ಅಡಿಕೆಯಷ್ಟು ಬೆಲ್ಲ ಹಾಕಿದೆ.

ಸಕ್ಕರೆ ಇಳಿಯದಿದ್ದರೆ ಇವರನ್ನು ಕೈಬಿಡುತ್ತಾರೆ ಎಂದುಕೊಂಡಿದ್ದೆ. ಕೈಬಿಟ್ಟರೆ ಟ್ರ್ಯಾಕಿಲ್ಲ, ಬೆಂಚಿಲ್ಲ, ಹಿಮ್ಮಡಿಯ ಪಾಠವಿಲ್ಲ. ಅವರಿಗೆ ಕೆಡುಕಾಗಲಿ ಎಂದಲ್ಲ, ಸ್ವಲ್ಪ ಸೋಲಲಿ ಎಂದು. ಮಧ್ಯಾಹ್ನದ ಊಟಕ್ಕೂ ರಾತ್ರಿಯದಕ್ಕೂ ಒಂದು ಚೂರೂ ಹಾಕದೆ ಚಾರ್ಟ್ ಪಾಲಿಸಿದೆ. ನನ್ನ ಕೈಯಿಂದ ಲೋಲಾಕ್ಷಿಯ ಬೆಂಚಿಗೆ ಹೋಗುತ್ತಿದ್ದದ್ದು ಬೆಳಗಿನ ಡಬ್ಬಿ ಮಾತ್ರ, ಬೆಲ್ಲವೂ ಅದಕ್ಕೆ ಮಾತ್ರ. ಸಂಕ್ರಾಂತಿ ಕಳೆಯುವ ಹೊತ್ತಿಗೆ ಅದು ನಿಂಬೆಹಣ್ಣಿನ ಗಾತ್ರಕ್ಕೆ ಬಂದಿತ್ತು. ಹುಳಿ, ಖಾರ, ಸಾರಿನ ಪುಡಿ ಎಲ್ಲವನ್ನೂ ಅದಕ್ಕೆ ತಕ್ಕಂತೆ ಏರಿಸಿ ಸಿಹಿಯನ್ನು ಮುಚ್ಚುತ್ತಿದ್ದೆ. ಅದಕ್ಕೂ ಕೈಚಳಕ ಬೇಕು. ಡೈರಿಯಲ್ಲಿ ದಿನವೂ "ಇಲ್ಲ".

ಎಂಟನೆಯ ವಾರದ ರಿಪೋರ್ಟಿಗೆ ನಾನೂ ಜೊತೆಗೆ ಹೋದೆ. ಇವರ ಸೋಲನ್ನು ಕಣ್ಣಾರೆ ನೋಡಬೇಕಿತ್ತು. ಸಂಸ್ಥೆಯ ಸಣ್ಣ ಕೋಣೆಯಲ್ಲಿ ಲೋಲಾಕ್ಷಿಯೂ ಕೂತಿದ್ದಳು, ಮುಖ ಬಾಡಿತ್ತು.

"ಅಂಕಲ್, ಏಕ್‌ದಮ್ ಝಕಾಸ್," ಎಂದಳು ಅಪೇಕ್ಷಾ. "ಖಾಲಿ ಹೊಟ್ಟೆ ಶುಗರ್ ನೂರಾ ನಲವತ್ತಾರು ಇತ್ತು, ಈಗ ನೂರಾ ಹದಿನೆಂಟು. ಪ್ಯಾಕೆಟ್ಟೂ ನಾವು ಅಂದ್ಕೊಂಡಂಗ ಬದಲಾಗ್ಯಾವ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ದಿನಕ್ಕೊಂದು ನಿಂಬೆಹಣ್ಣಿನಷ್ಟು ಬೆಲ್ಲ ತಿಂದವರ ಸಕ್ಕರೆ ಇಳಿದಿದೆ. ಅಂದರೆ ಅವಳ ಪಕ್ಕ ನಡೆಯುವ ಸುಖ ನನ್ನ ಬೆಲ್ಲವನ್ನೂ ಅರಗಿಸಿಕೊಂಡಿತೇ? ಹಾಳು ಮಾಡುವುದರಲ್ಲೂ ನಾನು ಅವಳ ಮುಂದೆ ಸೋತೆನೇ? ಆ ಕ್ಷಣದಷ್ಟು ಹೊಟ್ಟೆಕಿಚ್ಚನ್ನು ನಾನು ಬದುಕಿನಲ್ಲಿ ಪಟ್ಟಿಲ್ಲ.

ಆಮೇಲೆ ಅಪೇಕ್ಷಾ ಲೋಲಾಕ್ಷಿಯ ಕಡೆ ತಿರುಗಿ ಧ್ವನಿ ತಗ್ಗಿಸಿದಳು. ಅವಳದು ನೂರಾ ನಲವತ್ತೊಂಬತ್ತು ಇದ್ದದ್ದು ನೂರಾ ಎಂಬತ್ತೇಳಕ್ಕೆ ಏರಿತ್ತು. ಸೋಮವಾರದಿಂದ ಇನ್ಸುಲಿನ್ ಎಂದು ಡಾಕ್ಟರು ಬರೆದಾಗಿತ್ತು. ಹೊರಗೆ ಬಂದ ಮೇಲೆ ಹುಡುಗಿ ನನ್ನೊಬ್ಬಳನ್ನೇ ನಿಲ್ಲಿಸಿ, ತಡೆಯಲಾಗದ ಉತ್ಸಾಹದಲ್ಲಿ ಹೇಳಿದಳು. ಒಂದೇ ನಡಿಗೆ, ಒಂದೇ ಚಾರ್ಟ್, ಫಲ ಮಾತ್ರ ಉಲ್ಟಾ. ಲೋಲಾಕ್ಷಿ ಆಂಟಿಯ ದೇಹ ಮಸಲ್‌ನ ಸಂದೇಶವನ್ನು ಓದುತ್ತಲೇ ಇಲ್ಲವೇನೋ. ಅದರ ಮೇಲೆಯೇ ಥೀಸಿಸ್ಸಿನ ಒಂದು ಅಧ್ಯಾಯ ಬರೆಯಲು ಶುರು ಮಾಡಿದ್ದೇನೆ, ಎಂದಳು.

ಮನೆಗೆ ಬರುವ ಆಟೋದಲ್ಲಿ ಮೊದಲು ನನಗೆ ಖುಷಿಯಾಯಿತು. ಸುಳ್ಳೇಕೆ ಹೇಳಲಿ, ಅವಳ ಸಕ್ಕರೆ ಏರಿತೆಂದು ಖುಷಿಯಾಯಿತು. ನೆರೂಳು ದಾಟುವಾಗ ಬೇರೊಂದು ಲೆಕ್ಕ ತಲೆಗೆ ಬಂತು. ಬೆಲ್ಲ ತಿಂದವರದು ಇಳಿದಿದೆ. ತಿನ್ನದವರದು ಏರಿದೆ. ನನ್ನ ಹೊಟ್ಟೆಕಿಚ್ಚಿಗೆ ಬೇಕಾದರೆ ತಲೆ ಇಲ್ಲದಿರಬಹುದು, ಬೆಲ್ಲ ಮಾತ್ರ ತಾನು ಹೋದ ಜಾಗದಲ್ಲೇ ಕೆಲಸ ಮಾಡುತ್ತದೆ.

ಮರುದಿನ ಅವರು ಹೊರಟ ಮುಕ್ಕಾಲು ಗಂಟೆಯ ಮೇಲೆ ನಾನೂ ಆಟೋ ಹಿಡಿದು ಟ್ರ್ಯಾಕಿಗೆ ಹೋದೆ. ಬೆಂಚಿನ ಹಿಂದಿನ ಮರದ ಮರೆಯಲ್ಲಿ ನಿಂತೆ. ನಡಿಗೆ ಮುಗಿಸಿ ಇಬ್ಬರೂ ಬಂದು ಕೂತರು. ನನ್ನ ಗಂಡ ಚೀಲದಿಂದ ನನ್ನ ಡಬ್ಬಿ ತೆಗೆದು, ಮುಚ್ಚಳವನ್ನೂ ತೆರೆಯದೆ, ಅವಳ ಕಡೆಗೆ ಸರಿಸಿದರು. ಅವಳು ತನ್ನ ಡಬ್ಬಿಯನ್ನು ಇವರ ಕಡೆ ಸರಿಸಿದಳು. ಇವರು ಫೋನಿನಲ್ಲಿ ಸುದ್ದಿ ಓದುತ್ತ ಅವಳ ಅಡುಗೆಯನ್ನು ಬಾಯಿಗೆ ಹಾಕಿಕೊಳ್ಳತೊಡಗಿದರು. ಕರಿಬೇವನ್ನು ಹೆಕ್ಕಿ ಹೆಕ್ಕಿ ಮುಚ್ಚಳದಲ್ಲಿಟ್ಟರು.

ಲೋಲಾಕ್ಷಿ ನನ್ನ ಡಬ್ಬಿ ತೆರೆದು ಮೊದಲು ಮೂಸಿದಳು. ಆಮೇಲೆ ನಿಧಾನವಾಗಿ, ಕಣ್ಣು ಅರ್ಧ ಮುಚ್ಚಿ, ಒಂದೊಂದೇ ತುತ್ತು ತಿಂದಳು. ಕರಿಬೇವು ಅಗಿದಳು. ಕೊನೆಗೆ ತೋರುಬೆರಳಿನಲ್ಲಿ ಡಬ್ಬಿಯ ಮೂಲೆ ಮೂಲೆ ಒರೆಸಿ ನೆಕ್ಕಿದಳು.

ನಾನು ಎದುರಿಗೆ ಹೋಗಿ ನಿಂತೆ.

"ನೀನೇನೇ ಇಲ್ಲಿ?" ಎಂದರು ನಮ್ಮವರು.

"ಡಬ್ಬಿ ಯಾಕ್ರೀ ಬದಲಾಯಿಸಿದ್ರಿ?"

"ಅವರು ಮೊದಲನೇ ದಿನ ಕೇಳಿದ್ರು, ಕೊಟ್ಟೆ. ಅವತ್ತಿಂದ ಹಾಗೇ ನಡೀತಿದೆ. ಚಾರ್ಟ್ ಒಂದೇ ತಾನೆ, ಯಾವುದು ತಿಂದ್ರೆ ಏನು?"

"ಇಷ್ಟು ದಿನದಲ್ಲಿ ರುಚಿ ಬೇರೆ ಅನ್ನಿಸಲೇ ಇಲ್ವಾ ನಿಮಗೆ?"

ಅವರು ನಿಜವಾಗಿಯೂ ಯೋಚಿಸಿದರು. "ಅವಲಕ್ಕಿ ಅವಲಕ್ಕಿನೇ ಅಲ್ವೇನೇ," ಎಂದರು. ನನ್ನ ಮುಖ ನೋಡಿ ಏನೋ ಎಡವಟ್ಟಾಗಿದೆ ಎಂದು ಗೊತ್ತಾಗಿ, ನೀರು ತುಂಬಿಸಿಕೊಂಡು ಬರುತ್ತೇನೆಂದು ಬಾಟಲಿ ಎತ್ತಿಕೊಂಡು ಹೋದರು.

ನಾನು ಅವರ ಜಾಗದಲ್ಲಿ ಕೂತೆ. ಲೋಲಾಕ್ಷಿ ಡಬ್ಬಿಯ ಮುಚ್ಚಳ ಹಾಕಿ ಮಡಿಲಲ್ಲಿಟ್ಟುಕೊಂಡಿದ್ದಳು.

"ಅದರಲ್ಲಿ ಬೆಲ್ಲ ಇದೆ," ಎಂದೆ.

"ಗೊತ್ತುಂಟಕ್ಕ. ಮೊದಲನೇ ದಿನವೇ ಗೊತ್ತಾಗಿದೆ. ಆಗ ಚೂರು ಇತ್ತು. ಎರಡನೇ ವಾರ ಜಾಸ್ತಿ ಆಯ್ತು, ಸಂಕ್ರಾಂತಿ ಕಳೆದ ಮೇಲೆ ಇನ್ನೂ ಜಾಸ್ತಿ. ಹೋದ ವಾರ ಬೇರೆ ಬೆಲ್ಲ ಅಲ್ವಾ ತಂದದ್ದು? ಕೊಲ್ಲಾಪುರದ್ದು."

ಹೋದ ವಾರ ತಂದದ್ದು ಕೊಲ್ಲಾಪುರದ ಬೆಲ್ಲವೇ. ಅದು ನನ್ನನ್ನು ಬಿಟ್ಟು ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

"ಗೊತ್ತಿದ್ದೂ ಯಾಕೆ ತಿಂದ್ರಿ? ಸೋಮವಾರದಿಂದ ಸೂಜಿ ಚುಚ್ಕೋಬೇಕಲ್ಲ ನೀವು."

"ಎಂತ ಹೇಳುದು ಅಕ್ಕ. ಮೂವತ್ತು ವರ್ಷ ಮಾರ್ಕೆಟಿನ ಜನಕ್ಕೆ ಬಡಿಸಿದ್ದು ನಾನು. ಎಲ್ಲರದ್ದು ಆದ ಮೇಲೆ ಪಾತ್ರೆಯ ಅಡಿಯಲ್ಲಿ ಉಳಿದದ್ದು ನನಗೆ. ದೇಜಪ್ಪ ಇದ್ದಾಗಲೂ ಹಾಗೇ, ಈಗ ಸೊಸೆ ಬಂದ ಮೇಲೂ ಹಾಗೇ. ಇದು ಒಬ್ಬರಿಗೇ ಅಂತ ಅಳತೆ ಮಾಡಿ ಕಟ್ಟಿದ ಡಬ್ಬಿ ನನ್ನ ಕೈಗೆ ಬರ್ಲೇ ಇಲ್ಲ. ನಿಮ್ಮವರು ಅವತ್ತು ಡಬ್ಬಿ ತೆರೆದು, ಒಮ್ಮೆ ನೋಡ್ಲೂ ಇಲ್ಲ, ತಿನ್ನಲಿಕ್ಕೆ ಶುರು ಮಾಡಿದ್ರು. ನನಗೆ ಹೊಟ್ಟೆ ಉರಿದುಹೋಯ್ತು. ಇವರಿಗೆ ಇದು ದಿನಾ ಸಿಗ್ತದಲ್ಲ ಅಂತ. ಬಾಯಿಬಿಟ್ಟು ಕೇಳಿದೆ."

"ಸಕ್ಕರೆ ಏರಿದಾಗಲಾದ್ರೂ ಹೇಳ್ಬೇಕಿತ್ತು."

"ಹೇಳಿದ್ರೆ ಡಬ್ಬಿ ನಿಲ್ತಿತ್ತು."

ನಾನು ಸೆರಗಿನ ತುದಿ ಹಿಡಿದುಕೊಂಡು ಹೇಳಿದೆ, "ಅದು ಮರೆತು ಬಿದ್ದ ಬೆಲ್ಲ ಅಲ್ಲ. ನಿಮ್ಮ ಮೇಲಿನ ಹೊಟ್ಟೆಕಿಚ್ಚಿಗೆ ಹಾಕಿದ್ದು."

"ಅದೂ ಗೊತ್ತಾಗಿದೆ," ಎಂದಳು ಲೋಲಾಕ್ಷಿ. "ಅಷ್ಟು ಬೆಲ್ಲ ಯಾರೂ ಮರೆತು ಹಾಕುದಿಲ್ಲ."

ನನಗೆ ಅಳು ಬಂತು. ಪಶ್ಚಾತ್ತಾಪದ ಅಳು ಎಂದರೆ ಪೂರ್ತಿ ಸರಿಯಲ್ಲ. ಮೂವತ್ತನಾಲ್ಕು ವರ್ಷ ಒಲೆಯ ಮುಂದೆ ನಿಂತು ನಾನು ಮಾಡಿದ್ದನ್ನು, ಯಾವ ವಾರ ಎಷ್ಟು ಬೆಲ್ಲ, ಯಾವ ಊರಿನ ಬೆಲ್ಲ ಎಂದು ಹೇಳುವಷ್ಟು ಗಮನವಿಟ್ಟು ತಿಂದವಳು ಇವಳೊಬ್ಬಳೇ. ನಾನು ಹೊಟ್ಟೆಕಿಚ್ಚು ಪಟ್ಟದ್ದೂ ಇವಳ ಮೇಲೆಯೇ.

ಅವತ್ತೇ ಡೈರಿ ತೆಗೆದುಕೊಂಡು ವಾಶಿಗೆ ಹೋದೆ. ಹೋಗದೆ ಇರಬಹುದಿತ್ತು. ಇಬ್ಬರೂ ಡಬ್ಬಿ ಬದಲಾಯಿಸುವುದನ್ನು ನಿಲ್ಲಿಸಿದರೆ ಸಾಕು, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆದರೆ ಸೋಮವಾರ ಅವಳಿಗೆ ಬೇಡದ ಇನ್ಸುಲಿನ್ ಚುಚ್ಚುತ್ತಿದ್ದರು, ಈ ಹುಡುಗಿ ನನ್ನ ಬೆಲ್ಲದ ಮೇಲೆ ಒಂದು ಅಧ್ಯಾಯ ಬರೆದು ಮುಗಿಸುತ್ತಿದ್ದಳು. ಪನ್ವೇಲ್ ಕಡೆಯಿಂದ ಬಂದ ಟ್ರೇನಿನಲ್ಲಿ ಕೂತು ಎಂಟು ವಾರದ "ಇಲ್ಲ"ಗಳನ್ನು ಒಂದೊಂದಾಗಿ ಹೊಡೆದುಹಾಕಿ ಪಕ್ಕದಲ್ಲಿ ಬರೆದೆ: ಚೂರು, ಚೂರು, ಅಡಿಕೆಯಷ್ಟು, ನಿಂಬೆಹಣ್ಣಿನಷ್ಟು.

ಅಪೇಕ್ಷಾ ಡೈರಿಯ ಪುಟಗಳನ್ನು ಕೊನೆಯವರೆಗೂ ತಿರುವಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಯಾಕ ಆಂಟಿ?" ಎಂದಳು.

"ಹೊಟ್ಟೆಕಿಚ್ಚು ಕಣಮ್ಮ," ಎಂದೆ. ಅಷ್ಟು ವಯಸ್ಸಿನ ಹುಡುಗಿಯ ಮುಂದೆ ಆ ಮಾತು ಹೇಳುವಾಗ ಕಿವಿಯ ತುದಿ ಬಿಸಿಯಾಯಿತು.

ಇಬ್ಬರ ಹೆಸರನ್ನೂ ಅಧ್ಯಯನದಿಂದ ತೆಗೆದುಹಾಕಿದರು. ಎಂಟು ವಾರದ ರಕ್ತ, ಪೊಟ್ಟಣ, ಲೆಕ್ಕ ಎಲ್ಲ ಹೋಯಿತು. ಡಾಕ್ಟರು ಇನ್ಸುಲಿನ್ ತಡೆದು, ಆರು ವಾರ ಬೆಲ್ಲವಿಲ್ಲದೆ ನಡೆದು ನೋಡಲಿ ಎಂದರು. ಮನೆಯಲ್ಲಿ ನಮ್ಮವರಿಗೂ ಹೇಳಿದೆ. ಅವರು ಎರಡು ದಿನ ನನ್ನೊಡನೆ ಮಾತು ಬಿಟ್ಟಿದ್ದರಂತೆ. ಮೂರನೆಯ ದಿನ ಅವರೇ ಹೇಳಿದ ಮೇಲೆ ಗೊತ್ತಾಯಿತು.

ಅಧ್ಯಯನದಲ್ಲಿ ಇಲ್ಲದಿದ್ದರೂ ಇಬ್ಬರೂ ನಡಿಗೆ ಬಿಡಲಿಲ್ಲ. ಮುಂದಿನ ಸೋಮವಾರ ನಾನೂ ಹಳೆಯ ಚಪ್ಪಲಿ ಬಿಟ್ಟು ಶೂ ಹಾಕಿಕೊಂಡು ಹೊರಟೆ. ಚೀಲದಲ್ಲಿ ಡಬ್ಬಿಗಳಿದ್ದವು. ಅವರಿಗೊಂದು, ನನಗೊಂದು. ಮೂರನೆಯದನ್ನು ಬೇರೆಯಾಗಿ ತೂಕ ಮಾಡಿ, ಮುಚ್ಚಳದ ಮೇಲೆ ಚೀಟಿ ಅಂಟಿಸಿ ಲೋಲಾಕ್ಷಿ ಎಂದು ಬರೆದಿದ್ದೆ. ಬೆಲ್ಲ ಒಂದು ಚೂರೂ ಹಾಕಿರಲಿಲ್ಲ. ಅದಿಲ್ಲದ ಗೊಜ್ಜನ್ನು ಹದಕ್ಕೆ ತರಲು ಎರಡು ಸಲ ಮಾಡಿ ಚೆಲ್ಲಬೇಕಾಯಿತು.

ಮೂವರೂ ಬೆಂಚಿನಲ್ಲಿ ಕೂತೆವು. ಲೋಲಾಕ್ಷಿ ಚೀಟಿಯನ್ನು ಓದಿದಳು, ಹರಿಯದ ಹಾಗೆ ಬಿಡಿಸಿ ಪರ್ಸಿನಲ್ಲಿಟ್ಟುಕೊಂಡಳು. ಒಂದು ತುತ್ತು ಬಾಯಿಗಿಟ್ಟು ಹೇಳಿದಳು, "ಬೆಲ್ಲ ಇಲ್ಲ. ಮೆಂತ್ಯ ಒಂದು ಸ್ವಲ್ಪ ಜಾಸ್ತಿ ಹುರಿದದ್ದು ನೀವು. ಲಾಯ್ಕಾಗಿದೆ."

"ನಿಮಗೆ ಹೇಗಿದೆ?" ಎಂದು ಗಂಡನನ್ನು ಕೇಳಿದೆ. ಎರಡು ತಿಂಗಳ ಮೇಲೆ ಅವರು ಆ ಬೆಂಚಿನಲ್ಲಿ ನನ್ನ ಡಬ್ಬಿ ತಿನ್ನುತ್ತಿದ್ದರು.

ಅವರು ಫೋನಿನಿಂದ ತಲೆಯೆತ್ತಿದರು, ಒಂದು ಎಸಳು ಕರಿಬೇವನ್ನು ಹೆಕ್ಕಿ ಮುಚ್ಚಳದಲ್ಲಿಟ್ಟರು. "ದಿನದ ಹಾಗೇ ಇದೆಯಲ್ಲ," ಎಂದರು.

ಲೋಲಾಕ್ಷಿ ನನ್ನ ಮುಖವನ್ನು ನೋಡಲಿಲ್ಲ. ಕೈ ಚಾಚಿ ಆ ಕರಿಬೇವನ್ನು ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು.